ಬೇಲಿ ಸಾಕ್ಷಿ

ಪುಳಿ ಎಂದು ಹೆಸರಿಟ್ಟವಳು ಮಿಸ್ರಿಯಾ,
ಮೈಬಣ್ಣ ಭರಣಿಯ ಹಳೇ ಹುಣಸೆಯದೆಂದು.
ಶುಕ್ರವಾರದ ಸಂತೆಯಲ್ಲಿ, ಗಿಳಿಗಳ ಗದ್ದಲದ ಹಿಂದೆ,
ಇಪ್ಪತ್ತು ದಿನಾರು ಹೇಳಿ ಹನ್ನೆರಡಕ್ಕೆ ಇಳಿದಿದ್ದ.
ಗಡ್ಡದ ಓತಿ. ಸಾಲ್ಮಿಯಾದ ಆರನೇ ಮಹಡಿ.
ಗಾಜಿನ ಪೆಟ್ಟಿಗೆ, ಮೇಲೊಂದು ಕೊಳವೆ ದೀಪ.

ಮೊದಲು ಕಂಡದ್ದು ನನಗಲ್ಲ.
"ಉಮ್ಮಾ, ಪುಳಿ ಈಗ ಹೊಟ್ಟೆ ಎತ್ತಿ ನಡೆಯುವುದಿಲ್ಲ,
ಅಕ್ಕಿಚೀಲ ಎಳೆದ ಹಾಗೆ ಎಳೀತದೆ."
ನಾನು ಲ್ಯಾಬಿನ ರಾತ್ರಿ ಪಾಳಿ ಮುಗಿಸಿ ಬಂದವಳು,
ಬೆರಳಿಗಿನ್ನೂ ಸ್ಪಿರಿಟ್ಟಿನ ವಾಸನೆ.
ಚಳಿ, ಸೋಮಾರಿತನ, ಅಂದೆ. ಮಲಗಿದೆ.
ಮರುದಿನ ಹುಳ ಮುಟ್ಟಲಿಲ್ಲ.
ಗಡ್ಡ ಮಸಿಯಾಯಿತು.
ಮತ್ಯಾವಾಗಲೋ, ಲೆಕ್ಕ ತಪ್ಪಿದೆ,
ಹಿಂಗಾಲಿನ ಬೆರಳು ಅದುರಿತು,
ದೂರದಲ್ಲಿ ಲಾರಿ ಹೋದಾಗ
ಲೋಟದ ನೀರು ಅದುರುವಷ್ಟೇ.

ಓತಿಕ್ಯಾತಕ್ಕೆ ಬೇಲಿ ಸಾಕ್ಷಿ
ಎಂದು ಬಂಟ್ವಾಳದ ಶಾಲೆಯಲ್ಲಿ ಬರೆಸಿದ್ದರು ಮೇಷ್ಟರು.
ಇಲ್ಲೆಲ್ಲಿಯ ಬೇಲಿ?
ಡಾಕ್ಟರ್ ವಗ್ದಿ ಕೇಳುತ್ತಾರೆ: ಕೊನೆಗೆ ಹೇತದ್ದು ಯಾವಾಗ?
ತೂಕ ಎಷ್ಟಿತ್ತು, ಎಷ್ಟಾಗಿದೆ? ದೀಪ ಕೊಂಡದ್ದು ಯಾವ ತಿಂಗಳು?
ದಿನಕ್ಕೆ ನೂರು ಜನರ ರಕ್ತಕ್ಕೆ ಚೀಟಿ ಅಂಟಿಸುವ ನಾನು
ಬಾಯಿ ಬಿಡಲಿಲ್ಲ.

ಮಿಸ್ರಿಯಾ ಗಣಿತದ ಪುಸ್ತಕ ತೆಗೆದಳು, ಹಿಂದಿನ ಪುಟ.
ಭಾನುವಾರ ಹುಳ ಮೂರು.
ಸೋಮವಾರ ಒಂದು, ಅದನ್ನೂ ಉಗುಳಿತು.
ಬುಧವಾರ ಇನ್ನೂರ ಹನ್ನೆರಡು ಗ್ರಾಂ,
ಉಮ್ಮಾಳ ಹಿಟ್ಟಿನ ತಕ್ಕಡಿ, ಹೇಳಬಾರದು.
ಡಾಕ್ಟರು ಕನ್ನಡಕ ಸರಿಮಾಡಿಕೊಂಡು
ಅವಳನ್ನು ಸಹೋದ್ಯೋಗಿಯಂತೆ ನೋಡಿದರು.

ದವಡೆಯ ಮೇಲೆ ಬೆರಳಿಟ್ಟರು ಮೆಲ್ಲಗೆ.
ರಬ್ಬರು.
ಎಕ್ಸ್‌ರೇಯಲ್ಲಿ ಮೂಳೆಗಳು
ಧೂಳು ಎದ್ದ ದಿನದ ಕಟ್ಟಡಗಳ ಹಾಗೆ,
ಇವೆ ಎಂದು ಗೊತ್ತು, ಅಂಚು ಕಾಣದು.
ದೀಪ ಉರಿಯುತ್ತಿದೆಯಲ್ಲ ಡಾಕ್ಟರೇ, ಅಂದೆ.
ಉರಿಯುತ್ತದೆ. ಬೆಳಕೂ ಇದೆ.
ಅದರೊಳಗಿನ ಬಿಸಿಲು ಸತ್ತು ತಿಂಗಳುಗಳಾದವು.
ಕಿಟಕಿಯ ಪಕ್ಕವೇ ಇಟ್ಟಿದ್ದೇವೆ.
ಗಾಜು ಸುಂಕದ ಕಟ್ಟೆಯವನಮ್ಮಾ,
ಬೆಳಕನ್ನು ಬಿಟ್ಟು ಬೇಕಾದ್ದನ್ನು ಹಿಡಿದಿಟ್ಟುಕೊಳ್ಳುತ್ತಾನೆ.

ನಗು ಬಂತು, ಬರಬಾರದಿತ್ತು.
ಐವತ್ತು ಡಿಗ್ರಿಯ ಊರು ಇದು. ನನ್ನ ಯಂತ್ರ ರಾತ್ರಿಯಿಡೀ
ವಿಟಮಿನ್ ಡಿ ಹನ್ನೊಂದು, ಒಂಬತ್ತು, ಏಳು ಎಂದು ಮುದ್ರಿಸುತ್ತದೆ.
ಕಾರಿನಿಂದ ಲಿಫ್ಟಿಗೆ, ಲಿಫ್ಟಿನಿಂದ ಮಾಲಿಗೆ ನಡೆಯುವ ಮೂಳೆಗಳು.
ನನ್ನ ಚೀಟಿ ನಾನು ಅಂಟಿಸಿಕೊಂಡಿಲ್ಲ ಈವರೆಗೆ.

ಬಾಯಿ ಅಗಲಿಸಿ ತುರುಕಬೇಡಿ, ದವಡೆ ಮುರಿದೀತು.
ಮೂಗಿನ ತುದಿಗೆ ಒಂದು ಹನಿ ಕ್ಯಾಲ್ಸಿಯಂ ಬಿಡಿ, ತಾನೇ ನೆಕ್ಕುತ್ತದೆ.
ಏರುವ ಕೊಂಬೆ ತೆಗೆಯಿರಿ, ಬಿದ್ದರೆ ಕಷ್ಟ.
ಎತ್ತುವಾಗ ಹೊಟ್ಟೆಯ ಕೆಳಗೆ ಅಂಗೈ.
ಹೊಸ ದೀಪಕ್ಕೆ ತಾರೀಖು ಬರೆದು ಅಂಟಿಸಿದಳು ಮಿಸ್ರಿಯಾ,
ಮಗುವಿನ ಹುಟ್ಟುಹಬ್ಬದಷ್ಟು ದೊಡ್ಡಕ್ಷರದಲ್ಲಿ.

ಫೆಬ್ರವರಿಯ ಹನ್ನೊಂದು ಗಂಟೆ, ನೀರಿನ ಟ್ಯಾಂಕುಗಳ ನಡುವೆ,
ತಾರಸಿಯ ಬೀಗ ತೆಗೆದುಕೊಟ್ಟ ಹಾರಿಸ್ ಮೊತಾಲೆಬ್
ತಾನೂ ಕೂತ, ಲುಂಗಿ ಮೇಲೆತ್ತಿ ಮೊಣಕಾಲು ಚಾಚಿ.
ಒಂದು ಓತಿ, ಮೂರು ಜನ,
ಯಾರೂ ಮಾತಾಡಲಿಲ್ಲ.
ಗಡ್ಡ ಮೆಲ್ಲಗೆ ಹುಣಸೆಗೆ ತಿರುಗಿತು.

ದವಡೆ ನೆಟ್ಟಗಾಗುವುದಿಲ್ಲವಂತೆ ಇನ್ನು.
ನಾಲಿಗೆಯ ತುದಿ ಸದಾ ಹೊರಗೆ,
ಏನೋ ಹೇಳಲು ಹೊರಟು ಮರೆತವನ ಹಾಗೆ.
ಮಾರ್ಚಿನ ಒಂದು ಮಂಗಳವಾರ
ನೆಲಕ್ಕೂ ಹೊಟ್ಟೆಗೂ ನಡುವೆ ಒಂದು ಬೆರಳು ಗಾಳಿ.
ಅವಳು ಬರೆದುಕೊಂಡಳು.

ಅಡುಗೆಮನೆಯ ಟ್ಯೂಬ್‌ಲೈಟಿನ ಹಿಂದೆ ಗೋಡೆಹಲ್ಲಿ,
ಹೆಸರಿಲ್ಲ, ತೂಕವಿಲ್ಲ, ಯಾರ ಪುಸ್ತಕದಲ್ಲೂ ಇಲ್ಲ,
ಪತಂಗ ನುಂಗಿ ಲೊಚಗುಟ್ಟಿತು.
ಊರಲ್ಲಾಗಿದ್ದರೆ ಪಕ್ಕದ ಮನೆಯ ಗುಲಾಬಿಯಕ್ಕ
ನೆಲ ಕುಟ್ಟಿ ಕೃಷ್ಣ ಕೃಷ್ಣ ಅನ್ನುತ್ತಿದ್ದಳು.
ನಾನು ತಕ್ಕಡಿ ತೊಳೆದು ಒರೆಸಿದೆ.
ಹಿಟ್ಟಿಗೆ ಬೇರೆಯದೊಂದು ತರಬೇಕು.